ಒಂದು ಚ. ಕಾಳುಮೆಣಸು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಭಾನುವಾರದ ಪುರವಣಿಯಲ್ಲಿ ಅಚ್ಚಾದ ಮನೆಮದ್ದನ್ನು ಮಾಡಿ ನೋಡಿದ ಬಸ್ ನಿಲ್ದಾಣದ ಉದ್ಘೋಷಕನ ದನಿ ಹೋಗಿದೆ ಎಂಬ ಸುದ್ದಿ ಪತ್ರಿಕಾ ಕಚೇರಿಗೆ ಬಂತು. ಫೋನ್ ಮಾಡಿದವನು ಉದ್ಘೋಷಕನೇ. ತೆಗೆದುಕೊಂಡವಳು ಆ ಮನೆಮದ್ದನ್ನು ಹಾಕಿದ ಉಪಸಂಪಾದಕಿ.

"ಯಾರ್ರೀ? ಸ್ವಲ್ಪ ಜೋರಾಗಿ ಮಾತಾಡಿ."

"ಜೋರಾಗಿ ಬರೋ ಹಾಗಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?" ಉಸಿರಿನಷ್ಟೇ ಸಣ್ಣ ದನಿ. "ಗಂಟಲು ಕೆರೀತಿತ್ತು. ನೀವು ಹಾಕಿದ್ರಲ್ಲ, ಒಂದು ಚಮಚ ಕಾಳುಮೆಣಸಿನ ಪುಡಿ, ಜೇನು. ಹಾಗೇ ಮಾಡ್ದೆ."

"ಚಮಚ ಅಲ್ಲ, ಚಿಟಿಕೆ."

"ಚಮಚ ಅಂತಲೇ ಇದೆ. ನಾನು ಎರಡು ಸಲ ಓದಿದೀನಿ. ಎರಡನೇ ಸಲ ಓದಿದ್ದು ಬಾಯಿಗೆ ಹಾಕ್ಕೊಂಡ ಮೇಲೆ."

ವೈದ್ಯರಿಗೆ ತೋರಿಸಿದ್ದೀರಾ ಎಂದು ಆಕೆ ಕೇಳಿದಳು. ತೋರಿಸಿದ್ದ. ಗಾಯವೇನೂ ಆಗಿಲ್ಲ, ಎರಡು ದಿನ ಬಾಯಿ ತೆರೆಯಬಾರದು ಎಂದಿದ್ದರು.

"ಏಳೂವರೆ ಬಸ್ಸು ಮೂರನೇ ಅಂಕಣಕ್ಕೆ ಬರುತ್ತೆ ಅಂತ ಹೇಳೋಕೆ ಆಗ್ಲಿಲ್ಲ. ಜನ ಆರನೇ ಅಂಕಣದಲ್ಲೇ ಕಾದು ಬಸ್ಸು ತಪ್ಪಿಸಿಕೊಂಡ್ರು. ನನ್ನ ಅಂಕಣಾನೂ ಕೆಡ್ತು, ನಿಮ್ಮ ಅಂಕಣಾನೂ ಕೆಡ್ತು. ಇಡ್ತೀನಿ. ಬಾಯಿ ತೆರೀಬಾರದಂತೆ."

ಆಕೆ ಪುರವಣಿ ತೆಗೆದು ನೋಡಿದಳು. ಎಂಟನೇ ಪುಟ, ಕೆಳಭಾಗ. 'ಮನೆಯಲ್ಲೇ ಇದೆ' ಅಂಕಣದ ಎರಡನೇ ಉಪಾಯ. "ಕಾಳುಮೆಣಸಿನ ಪುಡಿ ಒಂದು ಚಮಚ, ಜೇನು ಅದ್ದಿಕೊಳ್ಳುವಷ್ಟು. ನಿಧಾನವಾಗಿ ನೆಕ್ಕಬೇಕು." ಕೆಳಗೆ ಕಳಿಸಿದವರ ಸಹಿ: ಅಡುಗೆ ಅಕ್ಕ.

ಮಧ್ಯಾಹ್ನದೊಳಗೆ ಇನ್ನೂ ಆರು ಕರೆಗಳು ಬಂದವು. ನಾಲ್ವರು ಕೆಮ್ಮುತ್ತಿದ್ದರು. ಒಬ್ಬಾಕೆ ತಾನು ತಿಂದಿಲ್ಲ, ಗಂಡನಿಗೆ ಕೊಟ್ಟೆ, ಮನೆ ಶಾಂತವಾಗಿದೆ, ಥ್ಯಾಂಕ್ಸ್ ಎಂದಳು. ಇನ್ನೊಬ್ಬರು ಪದಬಂಧ ಯಾವಾಗ ಮತ್ತೆ ಶುರುವಾಗುತ್ತದೆ ಎಂದು ಕೇಳಿದರು.

ಅಂಕಣಕ್ಕೆ ಹನ್ನೊಂದು ವರ್ಷ. ಓದುಗರು ಕಾಗದ ಬರೆದು ಮನೆಯ ಉಪಾಯಗಳನ್ನು ಕಳಿಸುತ್ತಾರೆ: ಸೀದ ಪಾತ್ರೆ, ಕಿರುಗುಟ್ಟುವ ಬಾಗಿಲು, ಬಟ್ಟೆಯ ಶಾಯಿ ಕಲೆ, ಕಟ್ಟಿದ ಮೂಗು. ಮಾಡಿ ನೋಡದೆ ಯಾವುದನ್ನೂ ಹಾಕುವುದಿಲ್ಲ ಎಂಬುದು ಉಪಸಂಪಾದಕಿ ತಾನೇ ಮಾಡಿಕೊಂಡ ನಿಯಮ. ಕಚೇರಿಯಲ್ಲಿ ಆಕೆಗೆ 'ಪರೀಕ್ಷೆ ಮೇಡಂ' ಎಂಬ ಹೆಸರು ಬಿದ್ದದ್ದು ಅದರಿಂದಲೇ. ಎರಡನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಆಕೆ ಒಬ್ಬಳೇ ಇರುತ್ತಾಳೆ. ಪ್ರತಿ ಶನಿವಾರ ಬೇಕೆಂದೇ ಹಾಲು ಉಕ್ಕಿಸುತ್ತಾಳೆ, ತಳ ಹಿಡಿಸುತ್ತಾಳೆ. ಹಳೆಯ ಹಾಸುಬಟ್ಟೆಯನ್ನು ಅಂಗೈಯಗಲದ ಚೌಕಗಳಾಗಿ ಕತ್ತರಿಸಿ ಒಂದಕ್ಕೆ ಟೀ, ಒಂದಕ್ಕೆ ಎಣ್ಣೆ, ಒಂದಕ್ಕೆ ಅರಿಶಿನ ಸುರಿಯುತ್ತಾಳೆ. ನಂತರ ಕಾಗದದಲ್ಲಿ ಇದ್ದಂತೆ ತೊಳೆಯುತ್ತಾಳೆ. ತಾರೀಖು, ಅಳತೆ, ಫಲ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಕೆಳಮನೆಯವರು ಒಮ್ಮೆ, "ಶನಿವಾರ ಶನಿವಾರ ನಿಮ್ಮ ಮನೇಲಿ ತುಂಬಾ ಜನ ನೆಂಟರು ಬರ್ತಾರೇನೋ, ಪಾತ್ರೆ ಸದ್ದು ನಿಲ್ಲೋದೇ ಇಲ್ಲ" ಎಂದಿದ್ದರು. ಆಕೆ ಹೌದೆಂದಿದ್ದಳು. ಅಳತೆಯ ವಿಷಯದಲ್ಲಿ ಆಕೆ ಸುಳ್ಳು ಹೇಳುವವಳಲ್ಲ. ಇದು ಅಳತೆಯ ವಿಷಯವಾಗಿರಲಿಲ್ಲ.

ಪರೀಕ್ಷಿಸಲಾಗದ ಉಪಾಯಗಳಿಗೆ ಹಳದಿ ಫೈಲೊಂದಿತ್ತು. ಮೇಲೆ ಆಕೆಯ ಕೈಬರಹದಲ್ಲಿ 'ಇಬ್ಬರು ಬೇಕು' ಎಂದಿತ್ತು. ಒಬ್ಬರು ಹಿಡಿದು ಇನ್ನೊಬ್ಬರು ಎಳೆಯುವುದು, ಒಬ್ಬರು ಮಲಗಿ ಇನ್ನೊಬ್ಬರು ಬೆನ್ನಿಗೆ ಶಾಖ ಕೊಡುವುದು, ಬಿಕ್ಕಳಿಕೆ ಬಂದವರನ್ನು ಇನ್ನೊಬ್ಬರು ಬೆಚ್ಚಿಬೀಳಿಸುವುದು. ಒಟ್ಟು ಮೂವತ್ತೊಂದು ಕಾಗದಗಳು. ಅವು ಅಚ್ಚಾಗಲಿಲ್ಲ.

ಕಾಳುಮೆಣಸಿನದು ಆ ಫೈಲಿನದಲ್ಲ. ಶನಿವಾರಕ್ಕೆ ಕಾಯದೆ, ತನ್ನದೇ ಗಂಟಲು ಕೆರೆದ ಹಿಂದಿನ ಬುಧವಾರವೇ ಆಕೆ ಅದನ್ನು ಪರೀಕ್ಷಿಸಿದ್ದಳು. ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾಗಿತ್ತು: 'ಒಂದು ಚಿಟಿಕೆ. ಖಾರ. ಹತ್ತು ನಿಮಿಷಕ್ಕೆ ಕೆರೆತ ಕಡಿಮೆ.' ಮೂಲ ಕಾಗದ ತೆಗೆದಳು. ಹಳೆಯ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ ಅಕ್ಷರ: 'ಕಾಳುಮೆಣಸಿನ ಪುಡಿ 1 ಚ.' ತಾನು ಟೈಪ್ ಮಾಡಿದ ಪ್ರತಿ ನೋಡಿದಳು. ಅಲ್ಲೂ '1 ಚ.' ಎಂದೇ ಇತ್ತು. ಹನ್ನೊಂದು ವರ್ಷ ಅದೇ ಕೈಬರಹ ಓದಿ ಓದಿ ಆ ಚ. ಆಕೆಯ ಕಣ್ಣಿಗೆ ತಾನಾಗಿಯೇ ಚಿಟಿಕೆಯಾಗುತ್ತಿತ್ತು. ಪ್ರತಿ ಸಲ ಬಿಡಿಸಿ ಟೈಪ್ ಮಾಡುತ್ತಿದ್ದಳು, ಈ ಸಲ ಮಾಡಿರಲಿಲ್ಲ.

ಪುಟ ಕಟ್ಟುವವನ ಮೇಜಿನೆದುರಿನ ಗೋಡೆಯಲ್ಲಿ ಶೈಲಿಯ ಹಾಳೆ ಅಂಟಿಸಿದೆ. ಅದರ ಹದಿನಾಲ್ಕನೇ ಸಾಲು: 'ಸಂಕ್ಷಿಪ್ತ ರೂಪ ಬೇಡ. ಚ. ಎಂದಿದ್ದರೆ ಚಮಚ ಎಂದು ಬಿಡಿಸಿ ಬರೆಯಿರಿ.' ಹಾಳೆ ಬರೆದವಳು ಆಕೆಯೇ, ಒಂಬತ್ತು ವರ್ಷಗಳ ಹಿಂದೆ.

"ನೀವು ಹೇಳಿದ ಹಾಗೇ ಮಾಡಿದೀನಿ ಮೇಡಂ," ಎಂದ ಪುಟ ಕಟ್ಟುವವನು. ಅವನ ದನಿಯಲ್ಲಿ ಕೊಂಕಿರಲಿಲ್ಲ. ಅದಿದ್ದಿದ್ದರೆ ಆಕೆಗೆ ಸುಲಭವಾಗುತ್ತಿತ್ತು.

ಸಂಪಾದಕರು ಕಾಗದವನ್ನೂ ಶೈಲಿಯ ಹಾಳೆಯ ತಮ್ಮ ಪ್ರತಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದರು.

"ಕಾಗದದಲ್ಲಿ ಚ. ಅಂತಿದೆ. ನಮ್ಮಲ್ಲಿ ಚ. ಅಂದ್ರೆ ಚಮಚ. ಅಂದ್ಮೇಲೆ ತಪ್ಪು ಕಳಿಸಿದವರದ್ದು. 'ಓದುಗರು ಕಳಿಸಿದ ಅಳತೆಯಲ್ಲಿ ದೋಷವಿತ್ತು, ವಿಷಾದಿಸುತ್ತೇವೆ.' ಎರಡು ಸಾಲು. ಮುಗೀತು."

"ಆಕೆ ಚಿಟಿಕೆ ಅಂತ ಬರೆದಿದ್ರೆ?"

"ಹಾಗಂತ ಎಲ್ಲಿದೆ?"

"ನನಗೆ ಗೊತ್ತು ಸರ್."

"ಗೊತ್ತು ಅನ್ನೋದು ಆಧಾರ ಅಲ್ಲ ಅಂತ ಹೊಸಬರಿಗೆಲ್ಲ ಪಾಠ ಹೇಳೋರು ನೀವೇ," ಎಂದು ಸಂಪಾದಕರು ಕನ್ನಡಕ ತೆಗೆದರು. "ನೋಡಿ ಮೇಡಂ, ಬಿಡಿಸಿ ಹೇಳ್ತೀನಿ. ಕಳಿಸಿದವರ ತಪ್ಪು ಅಂದ್ರೆ ಅಂಕಣ ಉಳಿಯುತ್ತೆ. ನಮ್ಮ ತಪ್ಪು ಅಂದ್ರೆ ಮೇಲಿನವರು ಈ ಅಂಕಣ ಯಾಕೆ ಬೇಕು ಅಂತಾರೆ. ಆ ಜಾಗ ಪದಬಂಧಕ್ಕೆ ಕೊಡಿ ಅಂತ ಮೊದಲೇ ಕುತ್ತಿಗೆ ಮೇಲೆ ಕೂತಿದ್ದಾರೆ. ಸಂಜೆ ಆರಕ್ಕೆ ಪುಟ ಹೋಗುತ್ತೆ."

ಆಕೆ ಕೈಚೀಲ ತೆಗೆದುಕೊಂಡಳು. "ಕೇಳಿಕೊಂಡು ಬರ್ತೀನಿ" ಎಂದಳು. ಹೊರಡುವಾಗ, ಯಾಕೆಂದು ತನಗೇ ಹೇಳಿಕೊಳ್ಳದೆ, ಹಳದಿ ಫೈಲನ್ನೂ ಚೀಲಕ್ಕೆ ಹಾಕಿಕೊಂಡಳು.

ಕಾಗದಗಳ ಮೇಲಿದ್ದ ವಿಳಾಸ: ಹಾಸ್ಟೆಲ್ ಅಡುಗೆಮನೆ, ನೀರಿನ ಟ್ಯಾಂಕ್ ಹಿಂದೆ. ಕಚೇರಿಯಿಂದ ನಡೆದರೆ ಇಪ್ಪತ್ತೈದು ನಿಮಿಷ. ಹನ್ನೊಂದು ವರ್ಷದಲ್ಲಿ ಆಕೆ ಆ ದಾರಿಯಲ್ಲಿ ಹೋಗಿರಲಿಲ್ಲ. ಅಡುಗೆ ಅಕ್ಕ ಎಂದರೆ ನಾಲ್ಕು ಸೊಸೆಯರ, ಹತ್ತು ಮೊಮ್ಮಕ್ಕಳ, ಸದಾ ಒಲೆ ಉರಿಯುವ ತುಂಬಿದ ಮನೆಯ ಹಿರಿಯಾಕೆ ಎಂದು ಕಲ್ಪಿಸಿಕೊಂಡಿದ್ದಳು. ಹಾಸ್ಟೆಲ್ ಎಂಬ ಪದವನ್ನು ಪ್ರತಿ ತಿಂಗಳು ಓದಿಯೂ ಓದಿರಲಿಲ್ಲ.

ಮೂರು ಗಂಟೆ ಹತ್ತು ನಿಮಿಷಕ್ಕೆ ಹಿಂಬಾಗಿಲಿಂದ ಒಳಗೆ ಹೋದಳು. ಮಧ್ಯಾಹ್ನದ ಊಟ ಮುಗಿದಿತ್ತು. ತೊಳೆದ ನೆಲ ಇನ್ನೂ ಒದ್ದೆ. ಒಬ್ಬ ಮನುಷ್ಯ ಕೂರಬಹುದಾದಷ್ಟು ದೊಡ್ಡ ಪಾತ್ರೆಗಳನ್ನು ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಗೋಡೆಯ ಮೊಳೆಗಳಿಗೆ ಏಳು ಸೌಟುಗಳು, ದೊಡ್ಡದರಿಂದ ಚಿಕ್ಕದಕ್ಕೆ. ಹೆಸರು ಬರೆಯದ ಡಬ್ಬಗಳ ಸಾಲು. ಐವತ್ತೆಂಟು ಅರುವತ್ತರ ಒಬ್ಬ ಹೆಂಗಸು ಮಣೆಯ ಮೇಲೆ ಕೂತು ಒಬ್ಬರೇ ಊಟ ಮಾಡುತ್ತಿದ್ದರು.

"ಯಾರಮ್ಮ? ವಾರ್ಡನ್ ಮುಂದಿನ ಕಟ್ಟಡದಲ್ಲಿದ್ದಾರೆ."

"ಅಡುಗೆ ಅಕ್ಕ ಅಂದ್ರೆ..."

"ನಾನೇ. ಕೆಲಸಕ್ಕೆ ಬಂದೆಯಾ? ಕೈ ನೋಡಿದ್ರೆ ಪಾತ್ರೆ ಉಜ್ಜೋರ ಕೈ ಹಾಗಿದೆ."

ಉಪಸಂಪಾದಕಿ ಪತ್ರಿಕೆಯ ಹೆಸರು ಹೇಳಿದಳು. ಅಡುಗೆ ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು.

"ಅಯ್ಯೋ, ನೀವಾ! ಹನ್ನೊಂದು ವರ್ಷ ಕಾಗದ ಹಾಕಿದೀನಿ, ಒಂದು ಸಾಲು ಉತ್ತರ ಇಲ್ಲ, ಈಗ ನೋಡಿದ್ರೆ ಎದ್ದು ಮನೆಗೇ ಬಂದುಬಿಟ್ರಾ? ಯಾರು ಸತ್ರು?"

"ಯಾರೂ ಸತ್ತಿಲ್ಲ ಅಕ್ಕ. ಒಬ್ಬರ ದನಿ ಹೋಗಿದೆ."

ನಡೆದದ್ದನ್ನು ಆಕೆ ವರದಿ ಒಪ್ಪಿಸುವಂತೆ ಕ್ರಮವಾಗಿ ಹೇಳಿದಳು. ಕೊನೆಗೆ ಕಾಗದವನ್ನು ಮುಂದೆ ಹಿಡಿದು, "ಇಲ್ಲಿ ಚ. ಅಂತಿದೆಯಲ್ಲ, ಇದು ಚಮಚಾನಾ ಚಿಟಿಕೆನಾ? ನಾನು ಏನೂ ಹೇಳಿಕೊಡಲ್ಲ, ನೀವೇ ಹೇಳಿ" ಎಂದಳು.

ಅಡುಗೆ ಅಕ್ಕ ನಕ್ಕುಬಿಟ್ಟರು. "ಚಮಚ ಎಲ್ಲಿದೆ ತೋರಿಸಿ ನೋಡೋಣ! ಇನ್ನೂರು ಜನರ ಅಡುಗೆಗೆ ಚಮಚ ಹಿಡ್ಕೊಂಡು ನಿಂತ್ರೆ ಇವತ್ತಿನ ಊಟ ನಾಡಿದ್ದಿಗೆ. ಇಲ್ಲಿ ಸೌಟು, ಹಿಡಿ, ಚಿಟಿಕೆ. ಮುಗೀತು. ಈ ಕೈಯಲ್ಲಿ ಮೂವತ್ತು ವರ್ಷ ಒಂದು ಚಮಚ ಮುಟ್ಟಿಲ್ಲ."

ಉಪಸಂಪಾದಕಿ ಸುತ್ತಾಡಿ ನೋಡಿದಳು. ಕಟ್ಟೆ, ಗೂಡು, ಸೌಟಿನ ಗೋಡೆ, ಡಬ್ಬಗಳ ಒಳಗೆ. ಚಮಚ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 'ಚಮಚ ಇಲ್ಲ. ಖುದ್ದು ನೋಡಿದ್ದು. 3.25.' ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ತಪ್ಪು ತನ್ನದು.

"ಈಗೇನಾಗುತ್ತೆ?" ಎಂದು ಅಡುಗೆ ಅಕ್ಕ ಕೇಳಿದರು.

"ತಿದ್ದುಪಡಿ ಹಾಕಬೇಕು. ನಿಮ್ಮ ತಪ್ಪು ಅಂತ ಹಾಕಿದ್ರೆ ಅಂಕಣ ಇರುತ್ತೆ. ನನ್ನದು ಅಂತ ಹಾಕಿದ್ರೆ ನಿಲ್ಲುತ್ತೆ."

"ಮತ್ತೆ ನನ್ನದು ಅಂತ ಹಾಕಿ! ಇದಕ್ಕೆ ಅಷ್ಟು ದೂರ ನಡೆದು ಬಂದ್ರಾ? ನನ್ನ ಏನು ಮಾಡ್ತಾರೆ, ಸೌಟು ಕಿತ್ಕೊಳ್ತಾರಾ? ಹೆಸರು ಕೂಡ ಇಲ್ಲ ಅದರಲ್ಲಿ, ಅಡುಗೆ ಅಕ್ಕ ಅಂತ ನೂರು ಜನ ಇದ್ದಾರೆ."

"ನೀವು ಬರೆದದ್ದು ಸರಿ ಇದೆಯಲ್ಲ ಅಕ್ಕ."

"ಸರಿ ಇದ್ರೆ ಏನೀಗ? ನಿಮ್ಮ ಅಂಕಣ ನಿಂತ್ರೆ ನಾನು ಕಾಗದ ಯಾರಿಗೆ ಬರೀಲಿ, ವಾರ್ಡನ್‌ಗಾ?"

ಅವರು ಕೈ ತೊಳೆದು ಉಗ್ರಾಣದ ಬಾಗಿಲನ್ನು ತೆರೆದರು. ಬಾಗಿಲಿನ ಒಳಬದಿಗೆ ಮೇಲಿಂದ ಕೆಳಗಿನವರೆಗೆ ಪುರವಣಿಯ ತುಣುಕುಗಳನ್ನು ಅಂಟಿಸಿತ್ತು. ಒಂದೊಂದರ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಸಂಖ್ಯೆ.

"ಕಳಿಸಿದ್ದು ನೂರ ಮೂವತ್ತು. ಬಂದದ್ದು ನೂರ ಹನ್ನೊಂದು. ಹತ್ತೊಂಬತ್ತು ಬರಲಿಲ್ಲ. ಯಾವುದು ಅಂತಲೂ ಗೊತ್ತು. ಇಬ್ಬರು ಸೇರಿ ಮಾಡೋದು ಬರೆದಾಗೆಲ್ಲ ನೀವು ಹಾಕಲೇ ಇಲ್ಲ. ಯಾಕೆ? ಅದು ಮಾತ್ರ ಸುಳ್ಳು ಅನ್ನಿಸ್ತಾ?"

ಸುದ್ದಿಯ ಮೂಲ ಕೇಳಿದವರಿಗೆ ಹೇಳುವ ಎರಡು ಮೂರು ಸಿದ್ಧ ಉತ್ತರಗಳು ಉಪಸಂಪಾದಕಿಯ ಬಾಯಿಗೆ ಬಂದು ಹೋದವು. ಚೀಲದಿಂದ ಹಳದಿ ಫೈಲು ತೆಗೆದು ಕೊಟ್ಟಳು. "ನಾನು ಮಾಡಿ ನೋಡದೆ ಹಾಕಲ್ಲ. ಮನೇಲಿ ಇನ್ನೊಂದು ತುದಿ ಹಿಡಿಯೋಕೆ ಯಾರೂ ಇಲ್ಲ."

ಅಡುಗೆ ಅಕ್ಕ ಫೈಲಿನ ಮೇಲಿನ ಎರಡು ಪದಗಳನ್ನು ಓದಿದರು. ಒಳಗಿನ ತಮ್ಮ ಕಾಗದಗಳನ್ನು ಒಂದೊಂದಾಗಿ ಸರಿಸಿ ಎಣಿಸಿದರು. ಹತ್ತೊಂಬತ್ತೂ ಇದ್ದವು.

"ಇದನ್ನ ಒಂದು ಸಲ ಮಾಡಿ ನೋಡಿದ್ದೆ," ಎಂದು ಉಪಸಂಪಾದಕಿ ಮೇಲಿನದನ್ನು ತೋರಿಸಿದಳು. ಹಾಸುಬಟ್ಟೆಯನ್ನು ಅನ್ನದ ಗಂಜಿಯಲ್ಲಿ ಅದ್ದಿ, ಅರೆ ಒಣಗಿದ ಮೇಲೆ ಇಬ್ಬರು ಎದುರುಬದುರು ನಿಂತು ಮೂಲೆಯಿಂದ ಮೂಲೆಗೆ ಎಳೆದರೆ ಇಸ್ತ್ರಿ ಬೇಕಾಗುವುದಿಲ್ಲ ಎಂಬ ಉಪಾಯ. "ಒಂದು ತುದಿ ಬಾಗಿಲ ಹಿಡಿಗೆ ಕಟ್ಟಿ ಎಳೆದೆ."

"ಆಮೇಲೆ?"

"ಹಿಡಿ ಕಿತ್ತು ಬಂತು."

ಅಡುಗೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಾನು ಕಿಟಕಿ ಸರಳಿಗೆ ಕಟ್ತೀನಿ" ಎಂದರು. "ಸರಳು ಗಟ್ಟಿ. ಆದ್ರೆ ತುಕ್ಕಿನ ಕಲೆ ಬೀಳುತ್ತೆ. ಮೊದಲು ನಾನೂ ನನ್ನ ತಂಗಿಯೂ ಎಳೀತಿದ್ವಿ. ಅವಳೂ ಇಲ್ಲೇ ಅಡುಗೆಗೆ ಇದ್ಲು. ಅವಳು ಹೋಗಿ ಹನ್ನೆರಡು ವರ್ಷ. ಆ ಹತ್ತೊಂಬತ್ತೂ ಅವಳ ಜೊತೆ ಮಾಡಿದ್ದೇ. ಸುಳ್ಳಲ್ಲ."

ಹಿತ್ತಲಿನ ತಂತಿಯ ಮೇಲೆ ಹಾಸುಬಟ್ಟೆಯೊಂದು ಇತ್ತು, ಬೆಳಿಗ್ಗೆ ಗಂಜಿ ಹಾಕಿದ್ದು. ಅಡುಗೆ ಅಕ್ಕ ಮುಟ್ಟಿ ನೋಡಿದರು. ಹದವಾಗಿತ್ತು. ಎರಡು ಮೂಲೆಗಳನ್ನು ಉಪಸಂಪಾದಕಿಯ ಕೈಗೆ ಕೊಟ್ಟು ತಾವು ಹಿಂದೆ ಹಿಂದೆ ನಡೆದರು.

"ಎಳೀರಿ. ಇದೇನು, ಪೇಪರ್ ಮಡಚೋ ಹಾಗೆ ಹಿಡ್ಕೊಂಡಿದೀರಿ? ಕಾಲು ಊರಿ. ನಿಮ್ಮ ಸಂಪಾದಕರನ್ನ ನೆನೆಸ್ಕೊಂಡು ಎಳೀರಿ."

ಆಕೆ ಕಾಲೂರಿ ಎಳೆದಳು. ಬಟ್ಟೆ ಒಮ್ಮೆ ಚಟ್ ಎಂದು ಸದ್ದು ಮಾಡಿ ನೆಟ್ಟಗಾಯಿತು. ಮೂಲೆ ಬದಲಿಸಿ ಮತ್ತೆ ಎಳೆದರು. ಐದಾರು ಸಲ. ಇನ್ನೊಂದು ತುದಿಯಿಂದ ಬರುವ ಬಲ ಪ್ರತಿ ಸಲ ಬೇರೆಯಾಗಿರುತ್ತಿತ್ತು. ಬಾಗಿಲ ಹಿಡಿ ಹಾಗೆ ಮಾಡಿರಲಿಲ್ಲ. ಕೊನೆಗೆ ಮಡಿಸುವಾಗ ಇಬ್ಬರೂ ಹತ್ತಿರ ಹತ್ತಿರ ನಡೆದು ಬಂದು, ಅಡುಗೆ ಅಕ್ಕ ಆಕೆಯ ಕೈಯಿಂದ ಮೂಲೆಗಳನ್ನು ತೆಗೆದುಕೊಂಡರು.

ಆಕೆ ನೋಟ್‌ಬುಕ್ಕಿನಲ್ಲಿ ಬರೆದಳು: 'ಸುಕ್ಕು ಹೋಯಿತು. ಒಂದು ಮೂಲೆಯಲ್ಲಿ ಎರಡು ಬೆರಳಗಲ ಉಳಿದಿದೆ.'

"ಅದು ನಿಮ್ಮ ಮೂಲೆ," ಎಂದರು ಅಡುಗೆ ಅಕ್ಕ.

ನಾಲ್ಕು ಗಂಟೆಗೆ ಸಂಜೆಯ ಟೀಗೆ ನೀರಿಡಬೇಕಿತ್ತು. ಅವರು ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸುತ್ತಾ, ಬೆನ್ನು ತಿರುಗಿಸಿಯೇ, "ನನ್ನದು ಅಂತ ಹಾಕಿಬಿಡಿ, ಕೇಳಿಸ್ತಾ?" ಎಂದರು. ಉಪಸಂಪಾದಕಿ ಹೋಗಿ ಬರ್ತೀನಿ ಎಂದಳು.

ಹಿಂದಿರುಗುವ ದಾರಿಯಲ್ಲಿ ಆಕೆ ಎರಡೂ ಬಗೆಯ ವಾಕ್ಯಗಳನ್ನು ಮನಸ್ಸಿನಲ್ಲೇ ಬರೆದು ನೋಡಿದಳು. ಮೊದಲನೆಯದು ಚಿಕ್ಕದು, ಯಾರಿಗೂ ನೋವಾಗದಂಥದು, ಕಳಿಸಿದಾಕೆಯೇ ಒಪ್ಪಿದ್ದು. ಅದನ್ನು ಹಾಕಿದರೆ ಶನಿವಾರಗಳು ಉಳಿಯುತ್ತಿದ್ದವು, ತಿಂಗಳಿಗೊಂದು ಕ್ಯಾಲೆಂಡರ್ ಹಾಳೆ ಉಳಿಯುತ್ತಿತ್ತು. ಆದರೆ ಆ ತಿದ್ದುಪಡಿಯೂ ಅಚ್ಚಾಗುತ್ತದೆ. ಅಚ್ಚಾದ ಮೇಲೆ ಅಡುಗೆ ಅಕ್ಕ ಕತ್ತರಿಸಿ ಆ ಬಾಗಿಲಿಗೆ ಅಂಟಿಸುತ್ತಾರೆ, ಪಕ್ಕದಲ್ಲಿ ಸಂಖ್ಯೆ ಹಾಕುತ್ತಾರೆ. ನೂರ ಹನ್ನೊಂದು ಸರಿಯಾದ ಅಳತೆಗಳ ಕೆಳಗೆ, ಅವರ ಅಳತೆ ತಪ್ಪೆಂದು ಹೇಳುವ ಎರಡು ಸಾಲು.

ಐದು ಗಂಟೆ ಹತ್ತಕ್ಕೆ ಆಕೆ ಟೈಪ್ ಮಾಡಿದಳು:

"ತಿದ್ದುಪಡಿ: ಭಾನುವಾರದ 'ಮನೆಯಲ್ಲೇ ಇದೆ' ಅಂಕಣದಲ್ಲಿ ಕಾಳುಮೆಣಸಿನ ಪುಡಿ ಒಂದು ಚಮಚ ಎಂದು ಅಚ್ಚಾಗಿದೆ. ಅದು ಒಂದು ಚಿಟಿಕೆ ಎಂದಿರಬೇಕಿತ್ತು. ಅಡುಗೆ ಅಕ್ಕ ಕಳಿಸಿದ ಅಳತೆ ಸರಿಯಾಗಿತ್ತು. ತಪ್ಪು ಉಪಸಂಪಾದಕಿಯದು. ತೊಂದರೆಗೊಳಗಾದ ಓದುಗರ ಕ್ಷಮೆ ಕೋರುತ್ತೇವೆ."

ಸಂಪಾದಕರು ಎರಡು ಸಲ ಓದಿದರು. "ಯೋಚನೆ ಮಾಡಿದ್ರಾ?"

"ಪರೀಕ್ಷೆ ಮಾಡಿದೆ ಸರ್. ಅಲ್ಲಿ ಚಮಚ ಇಲ್ಲ."

ಅವರು ಸಹಿ ಹಾಕಿದರು. ಪುಟ ಆರು ಗಂಟೆಗೆ ಹೋಯಿತು. ಪುಟ ಕಟ್ಟುವವನು ಶೈಲಿಯ ಹಾಳೆಯ ಹದಿನಾಲ್ಕನೇ ಸಾಲಿನ ಕೆಳಗೆ ಪೆನ್ನಿನಲ್ಲಿ 'ಕೇಳಿ ಬಿಡಿಸಿ' ಎಂದು ಸೇರಿಸಿದ. ಬುಧವಾರ ಉದ್ಘೋಷಕ ಮತ್ತೆ ಫೋನ್ ಮಾಡಿದ. ದನಿ ಬಂದಿತ್ತು, ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಶುಕ್ರವಾರ ಮೇಲಿನಿಂದ ಸೂಚನೆ ಬಂತು. ಭಾನುವಾರ ಎಂಟನೇ ಪುಟದ ಕೆಳಭಾಗದಲ್ಲಿ ಪದಬಂಧ ಇತ್ತು. ಉಪಸಂಪಾದಕಿಗೆ ಹವಾಮಾನ ಮತ್ತು ನಿಧನ ವಾರ್ತೆಗಳ ಕೆಲಸ ಕೊಟ್ಟರು. ಎರಡರಲ್ಲೂ ಪರೀಕ್ಷಿಸುವಂಥದ್ದೇನೂ ಇರಲಿಲ್ಲ.

ಮೊದಲ ಶನಿವಾರ ಆಕೆ ಅಭ್ಯಾಸಬಲದಿಂದ ಹಾಲಿನ ಪಾತ್ರೆ ಒಲೆಗಿಟ್ಟಳು. ಎದುರಿಗೆ ನಿಂತು ನೋಡಿದಳು. ಹಾಲು ಅಂಚಿಗೆ ಬಂತು. ಆಗ ಒಲೆ ಆರಿಸಿದಳು. ಅಂದು ಪಾತ್ರೆ ಒಂದೇ ಇತ್ತು, ತೊಳೆಯಲು ಎರಡು ನಿಮಿಷ ಸಾಕಾಯಿತು. ಕೆಳಮನೆಯವರು ಮೆಟ್ಟಿಲ ಬಳಿ ಸಿಕ್ಕಾಗ, "ಈ ವಾರ ನೆಂಟರು ಬರ್ಲಿಲ್ವಾ?" ಎಂದರು. "ಇಲ್ಲ, ಬರ್ಲಿಲ್ಲ" ಎಂದಳು.

ಮುಂದಿನ ತಿಂಗಳು ಎಂಟನೇ ತಾರೀಖು ಅಂಚೆ ವಿಭಾಗದವರು ಒಂದು ಕಾಗದವನ್ನು ಆಕೆಯ ಮೇಜಿನ ಮೇಲೆ ಇಟ್ಟು ಹೋದರು. ನಿಂತುಹೋದ ಅಂಕಣದ ಹೆಸರಿಗೇ ಬಂದಿತ್ತು. ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ ಅಕ್ಷರ. ಮರದ ಮೇಜಿನ ಮೇಲೆ ಬಿಸಿ ಲೋಟ ಇಟ್ಟು ಬಿದ್ದ ಬಿಳಿ ಉಂಗುರವನ್ನು ಅಡುಗೆ ಎಣ್ಣೆ ಮತ್ತು ಉಪ್ಪಿನಿಂದ ತೆಗೆಯುವ ಉಪಾಯ. ಉಪ್ಪಿನ ಅಳತೆ ಎರಡು ಕಡೆ ಬರುತ್ತಿತ್ತು. ಎರಡೂ ಕಡೆ 'ಚಿಟಿಕೆ' ಎಂದು ಪೂರ್ತಿ ಬರೆದಿತ್ತು.

ಶನಿವಾರ ಆಕೆ ತನ್ನ ಊಟದ ಮೇಜಿನ ಮೇಲೆ ಬಿಸಿ ಲೋಟವನ್ನು ಅರ್ಧ ಗಂಟೆ ಇಟ್ಟು ಉಂಗುರ ಬೀಳಿಸಿದಳು, ಕಾಗದದಲ್ಲಿದ್ದಂತೆ ಉಜ್ಜಿದಳು, ಫಲವನ್ನು ನೋಟ್‌ಬುಕ್ಕಿನಲ್ಲಿ ಬರೆದಳು. ಆಮೇಲೆ ಅದನ್ನೇ ಒಂದು ಕಾರ್ಡಿನ ಮೇಲೆ ಬರೆದಳು: "ಅಕ್ಕ, ಒಂದು ಚಿಟಿಕೆ ಸಾಲಲಿಲ್ಲ, ಎರಡು ಬೇಕಾಯಿತು. ಉಂಗುರ ಮುಕ್ಕಾಲು ಹೋಗಿದೆ."

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆಕೆ ಕಾರ್ಡನ್ನು ಅಂಚೆಗೆ ಹಾಕಿದಳು.